ಇಕಾರ

ಸೂರ್ ಪಟ್ಟಣಕ್ಕೆ ಬಂದ ಮೊದಲ ವಾರ
ನನ್ನ ಹತ್ತಿರ ಇದ್ದ ಅರಬ್ಬಿ ಒಟ್ಟು ಹದಿನಾಲ್ಕು ಮಾತು.
ಹದಿನಾಲ್ಕನ್ನೂ ಕೊಟ್ಟವಳು ರಯ್ಯಾ,
ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಪಕ್ಕದ ಮೇಜಿನವಳು.
ತಾಲೀ, ಇಜ್ಲಿಸೀ, ಕುಲೀ, ಇರ್ಫಾಯೀ:
ಬಾ, ಕೂಡು, ತಿನ್ನು, ಇದನ್ನಿಷ್ಟು ಎತ್ತು.
ಎಲ್ಲದರ ಬಾಲಕ್ಕೂ ಒಂದು ಈ.
ನಮ್ಮ ಬನ್ನಿ, ಕೂಡ್ರಿ, ತಿನ್ರಿ ಇದ್ದ ಹಾಗೆ.
ಎಷ್ಟು ಮರ್ಯಾದೆಯ ಭಾಷೆ, ಅಂದುಕೊಂಡೆ.

ಬಾಡಿಗೆ ಕೋಣೆಯ ಕಿಟಕಿಗೆ ಕಡಲಿಲ್ಲ,
ಪಕ್ಕದ ಮನೆಯ ಏಸಿಯ ಬೆನ್ನಿದೆ.
ಜೂನ್ ತಿಂಗಳು. ತಣ್ಣೀರ ನಲ್ಲಿಯಲ್ಲಿ ಕುದಿನೀರು.
ಗೀಸರ್ ಆರಿಸಿಟ್ಟರೆ
ಬಿಸಿನೀರ ನಲ್ಲಿಯಲ್ಲೇ ತಣ್ಣಗೆ ಬರುತ್ತದೆ.
ಇಷ್ಟು ತಿಳಿಯಲು ನಾಲ್ಕು ದಿನ ಬೆನ್ನು ಸುಟ್ಟುಕೊಂಡೆ.

ಅದೇ ಬಚ್ಚಲಲ್ಲಿ ನಿಂತು 'ಐನ್' ಅಕ್ಷರದ ಅಭ್ಯಾಸ.
ಗಂಟಲ ತಳದಲ್ಲಿ ಇದೆಯಂತೆ,
ನಮ್ಮ ಕಖಗಘ ಅಷ್ಟು ಕೆಳಗೆ ಇಳಿದೇ ಇಲ್ಲ.
ಐನ್ ಅಂದರೆ ಕಣ್ಣೂ ಹೌದು, ನೀರಿನ ಒರತೆಯೂ ಹೌದು
ಅಂದಿದ್ದಳು ರಯ್ಯಾ.
ನನಗೆ ಬಂದದ್ದು ಕೆಮ್ಮು.

ಅಂಗಡಿಯಲ್ಲಿ ಸಾಬೂನು ಕೇಳಿದೆ, ಸಾಬೂನೇ ಸಿಕ್ಕಿತು.
ಗಲ್ಲೆಯ ಹುಡುಗಿ ಚಿಲ್ಲರೆ ಅಂಗೈಗಿಟ್ಟು
'ಬಾಕಿ' ಅಂದಳು. ಬೆಚ್ಚಿದೆ.
ಮುಧೋಳದ ಕಿರಾಣಿ ವಹಿಯಲ್ಲಿ
ಬಾಕಿ ಅಂದರೆ ಅಪ್ಪ ತಲೆ ತಗ್ಗಿಸುವ ಮಾತು.
ಇಲ್ಲಿ ನನಗೇ ಬರಬೇಕಾದದ್ದು, ಮುನ್ನೂರು ಬೈಸಾ.
ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ.

ಒಂಬತ್ತನೇ ದಿನ ಖಮೀಸ್ ಬಿನ್ ಜುಮಾ ಬಂದರು.
ಗುರುವಾರ, ಶುಕ್ರವಾರದ ಮಗ.
(ವಾರದ ಎರಡು ದಿನ ಹಾಗೆ ಬಾಯಿಪಾಠವಾದವು.)
ಎಪ್ಪತ್ತೆರಡರ ಮೀನುಗಾರ. ಬಲಭುಜ ಬಿಗಿದು
ಕೈ ಎದೆಮಟ್ಟಕ್ಕೂ ಏಳುತ್ತಿಲ್ಲ.
ಜೊತೆಗೆ ಹೆಂಡತಿ, ಮಡಿಲಲ್ಲಿ ಕಾಫಿಯ ಫ್ಲಾಸ್ಕು.

ಹಿರಿಯರು. ಇದ್ದ ಮರ್ಯಾದೆಯನ್ನೆಲ್ಲ ಕೂಡಿಸಿ
ಈಕಾರವನ್ನು ಇನ್ನಷ್ಟು ಎಳೆದು ಅಂದೆ:
ಇರ್ಫಾಯೀ.

ಅವರು ಹಿಂದೆ ತಿರುಗಿ ನೋಡಿದರು,
ಯಾವ ಹೆಂಗಸಿಗೆ ಹೇಳುತ್ತಿದ್ದೇನೆ ಅಂತ.
ಹೆಂಡತಿ ಸೆರಗು ಬಾಯಿಗೊತ್ತಿಕೊಂಡರು,
ಫ್ಲಾಸ್ಕು ಅಲುಗಾಡಿತು.
ರಯ್ಯಾ ಓಡಿ ಬಂದು ಕಿವಿಯಲ್ಲಿ:
ಆ ಈ ಹೆಂಗಸರಿಗೆ. ಗಂಡಸಿಗೆ ಬರೀ ಇರ್ಫಾ.

ಹಾಗಾದರೆ ಒಂಬತ್ತು ದಿನ
ನಾನು ಮರ್ಯಾದೆ ಅಂದುಕೊಂಡು ಬೀಗಿದ್ದು
ಬರೀ ನಾನು ಹೆಣ್ಣು ಅನ್ನುವ ಗುರುತು.

ಇರ್ಫಾ, ಅಂದೆ.
ಈಕಾರ ಕಿತ್ತ ಮಾತು ಬರಿಗಾಲಲ್ಲಿ ನಿಂತಿತು.
ಅಜ್ಜನ ವಯಸ್ಸಿನವರಿಗೆ ಏಕವಚನ!
ಮೂರು ಸಾವಿರ ಕಿಲೋಮೀಟರೂ ಸಾಲದೆ
ಅವ್ವನ ದನಿ ಕೇಳಿತು: ರೀ ಹಚ್ಚಿ ಮಾತಾಡ, ಹುಚ್ಚಿ.
ನಾಲಿಗೆ ತಡೆಯಲಿಲ್ಲ, ಮೆಲ್ಲಗೆ ಸೇರಿಸಿಬಿಟ್ಟೆ:
ಇರ್ಫಾ... ರೀ.

ಮತ್ತೆ ಅದೇ ಈ. ಮತ್ತೆ ಫ್ಲಾಸ್ಕು ಅಲುಗಾಡಿತು.

ಖಮೀಸ್ ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ
ನಿಧಾನಕ್ಕೆ ಏನೋ ಅಂದರು. ರಯ್ಯಾ ಬಿಡಿಸಿ ಹೇಳಿದಳು:
ನಮ್ಮ ಭಾಷೆಯಲ್ಲಿ ಕೈ ಹೆಣ್ಣು.
ಈ ಹುಡುಗಿ ಮಾತಾಡಿದ್ದು ನನ್ನ ಜೊತೆಗಲ್ಲ,
ಕೈಯ ಜೊತೆಗೆ. ತಪ್ಪೇನಿದೆ?

ಆಮೇಲೆ ನಾನೂ ಕೈಯೂ ಮಾತಾಡಿದೆವು.
ವಾಹಿದ್, ಇತ್ನೇನ್, ತಲಾತಾ,
ಅವರು ಹಲ್ಲು ಕಚ್ಚಿ ಎಣಿಸಿದರು, ನಾನು ಹಿಂದಿನಿಂದ ಎಣಿಸಿದೆ.
ಎಂಟರ ಹತ್ತಿರ ನನ್ನ ಗಂಟಲಲ್ಲಿ ಏನೋ ತಪ್ಪಿತು,
ತಿದ್ದಿದರು, ನೋವಿನ ನಡುವೆಯೇ.

ಅಳತೆಪಟ್ಟಿ ಹಿಡಿದು ನೋಡಿದೆ: ತೊಂಬತ್ತು ಡಿಗ್ರಿ,
ಮೇಲೆ ಎರಡೋ ಮೂರೋ.
ಬೆವರು ಒರೆಸಿಕೊಂಡು ಅವರು ಚಾವಣಿಯತ್ತ ನೋಡಿ
ನನ್ನನ್ನು ಕೇಳಿದರು:
ಕಮ್ ಬಾಕಿ?

ರಯ್ಯಾ ಬಿಡಿಸಿ ಹೇಳಲು ಬಾಯಿ ತೆರೆದಳು.
ಬೇಡ ಅಂದೆ.